ನಡುವಿನ ಸೀಟಿನ ಅಕ್ಕಾರು

ಕೋಲ್ಕತ್ತದಲ್ಲಿ ನವೆಂಬರ್ ಕಾಲಿಟ್ಟರೆ ಸಾಕು, ನಮ್ಮ ಆಫೀಸಿನ ಗಂಡಸರೆಲ್ಲ ಮಂಕಿ ಟೋಪಿ ಏರಿಸಿಬಿಡುತ್ತಿದ್ದರು. ತಲೆ, ಕಿವಿ, ಗದ್ದ ಎಲ್ಲ ಮುಚ್ಚಿ ಬರೀ ಕಣ್ಣು ಮೂಗು ಕಾಣುವ ಉಣ್ಣೆಯ ಟೋಪಿ. ಬಿಬಿಡಿ ಬಾಗಿನಲ್ಲಿ ಬಸ್ಸಿಳಿದು ಬರುವ ಆ ಸಾಲನ್ನು ನೋಡಿದರೆ ಹಿಮಾಲಯ ಹತ್ತಲು ಹೊರಟವರು ದಾರಿ ತಪ್ಪಿ ಕಚೇರಿಗೆ ಬಂದಂತೆ ಕಾಣುತ್ತಿತ್ತು. ಮೇಲೆ ಫ್ಯಾನು ತಿರುಗುತ್ತಲೇ ಇರುತ್ತಿತ್ತು, ಅದರ ಕೆಳಗೆ ಕೂತು ಇವರು ಚಳಿ ಚಳಿ ಎನ್ನುತ್ತಿದ್ದರು. ಮೈಸೂರಿನವಳಾದ ನನಗೆ ಇದು ಪ್ರತಿ ವರ್ಷದ ತಮಾಷೆ. ಈ ತಮಾಷೆಯನ್ನು ಕನ್ನಡದಲ್ಲಿ ಹಂಚಿಕೊಳ್ಳಲು ಇಡೀ ಕಟ್ಟಡದಲ್ಲಿ ಒಬ್ಬರೇ ಒಬ್ಬರಿದ್ದರು, ಪಕ್ಕದ ವಿಭಾಗದ ಧಾರವಾಡದ ಮೇಡಂ. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ಮೊದಲ ವಾರವೇ ಅವರು, 'ಮೇಡಂ ಗೀಡಂ ಬ್ಯಾಡ, ನಮ್ಮ ಕಡೆ ಅಂದಂಗ ಅಕ್ಕಾರ ಅನ್ರಿ ಸಾಕು' ಎಂದಿದ್ದರು. ಹಾಗಾಗಿ ಅಕ್ಕಾರು.

ಒಂದು ಶುಕ್ರವಾರ ಸಂಜೆ ನೋಡುತ್ತೇನೆ, ಅಕ್ಕಾರು ಕೂಡ ಚೀಲದಿಂದ ಕೆಂಪು ಮಂಕಿ ಟೋಪಿಯೊಂದನ್ನು ತೆಗೆದು ಕೊಡವುತ್ತಿದ್ದಾರೆ.

'ಅಯ್ಯೋ ಅಕ್ಕಾರೇ, ನೀವೂ ಈ ಪಾರ್ಟಿ ಸೇರ್ಕೊಂಡ್ಬಿಟ್ರಾ?' ಎಂದೆ.

'ನಗ್ರಿ, ನಗ್ರಿ. ಒಂದ್ ರಾತ್ರಿ ಗಾಡ್ಯಾಗ ಕುಂತ್ ಬರ್ರಿ, ಆಮ್ಯಾಲ ನಗ್ರಿ' ಎಂದರು. ಟೋಪಿಯನ್ನು ಮಡಿಸಿ ಮತ್ತೆ ಚೀಲದೊಳಗೆ ಇಟ್ಟರು. ಅಂದೇ ನನಗೆ ಅವರ ಪ್ರಯಾಣದ ವಿಷಯ ಗೊತ್ತಾದದ್ದು.

ಹದಿನೈದು ದಿನಕ್ಕೊಮ್ಮೆ, ಶುಕ್ರವಾರ ಆಫೀಸು ಮುಗಿದ ಮೇಲೆ, ಅವರು ಸಿಯಾಲ್ದಾದಿಂದ ಉತ್ತರಕ್ಕೆ ಹೋಗುವ ರಾತ್ರಿ ರೈಲು ಹತ್ತುತ್ತಿದ್ದರು. ಮಲಗುವ ಡಬ್ಬಿ ಅಲ್ಲ, ಕೂತು ಹೋಗುವುದು. ಬೆಳಿಗ್ಗೆ ಬೆಟ್ಟದ ಬುಡದ ಒಂದು ಊರಿನಲ್ಲಿ ಇಳಿದು ಮಗಳನ್ನು ನೋಡಿಕೊಂಡು, ಅಂದು ರಾತ್ರಿಯೇ ಮತ್ತೆ ಅದೇ ರೀತಿ ಕೂತು ವಾಪಸು ಬರುತ್ತಿದ್ದರು. ಮಗಳಿಗೆ ಇಪ್ಪತ್ತು ದಾಟಿ ಕೆಲವು ವರ್ಷವಾಗಿತ್ತು. ಹುಟ್ಟಿದಾಗಿನಿಂದ ಮಾತಿಲ್ಲ. ಯಾರ ಮುಖವನ್ನೂ ನೋಡುವುದಿಲ್ಲ. ಅಕ್ಕಾರ ಯಜಮಾನರು ಅದೇ ಊರಿನ ಬ್ಯಾಂಕಿನಲ್ಲಿದ್ದಾಗ ಇಂಥ ಮಕ್ಕಳನ್ನು ನೋಡಿಕೊಳ್ಳುವ ಅಲ್ಲಿನ ಒಂದು ಮನೆಗೆ ಅವಳನ್ನು ಹಗಲಿನ ಹೊತ್ತು ಬಿಡುತ್ತಿದ್ದರು. ಯಜಮಾನರು ತೀರಿಕೊಂಡರು, ಅಕ್ಕಾರಿಗೆ ಕೋಲ್ಕತ್ತಕ್ಕೆ ವರ್ಗವಾಯಿತು. ಮಗಳನ್ನು ಕರೆತಂದು ಬಾಲಿಗಂಜಿನ ಬಾಡಿಗೆ ಮನೆಯಲ್ಲಿ ಇಟ್ಟುಕೊಂಡು ನೋಡಿದರು. ಹುಡುಗಿ ಅನ್ನ ಬಿಟ್ಟಳು, ನಿದ್ದೆ ಬಿಟ್ಟಳು, ಗೋಡೆಗೆ ತಲೆ ಚಚ್ಚಿಕೊಳ್ಳಲು ಶುರುಮಾಡಿದಳು. ಕೊನೆಗೆ ಅವಳು ಬೆಳೆದ ಆ ಮನೆಗೇ ಕರೆದುಕೊಂಡು ಹೋಗಿ ಬಿಡಬೇಕಾಯಿತು. ಅಲ್ಲಿ ಕಾಲಿಟ್ಟ ಕೂಡಲೇ, ಹಗಲು ತಾನು ಮಲಗುತ್ತಿದ್ದ ಮಂಚಕ್ಕೆ ಹೋಗಿ ಮಲಗಿಬಿಟ್ಟಳಂತೆ.

'ಆಕಿಗೆ ಅವ್ವ ಇಲ್ಲದಿದ್ರ ನಡೀತದ, ಆ ಮಂಚ ಇಲ್ಲದಿದ್ರ ನಡೆಯಂಗಿಲ್ಲ' ಎಂದು ಅಕ್ಕಾರು ಇದನ್ನು ನಗುತ್ತಲೇ ಹೇಳುತ್ತಿದ್ದರು. ಆ ನಗು ನೋಡಿ ನಾನೂ ನಗಬೇಕೋ ಬೇಡವೋ ತಿಳಿಯುತ್ತಿರಲಿಲ್ಲ.

ಆದರೆ ಒಂದು ವಿಷಯಕ್ಕೆ ಅವ್ವ ಬೇಕಿತ್ತು. ತಾಯಿ ಬಂದಾಗ ಹುಡುಗಿ ಅವರ ಎರಡು ಕೈಗಳನ್ನೂ ಹಿಡಿದು ತನ್ನ ಕೆನ್ನೆಗಳಿಗೆ ಒತ್ತಿಕೊಳ್ಳುತ್ತಿದ್ದಳು. ಒಂದು ಕೆನ್ನೆಗೆ ಒಂದು ಕೈ. ಹಾಗೆ ಎಷ್ಟೋ ಹೊತ್ತು. ಅವಳು ಯಾರನ್ನಾದರೂ ತಾನಾಗಿ ಮುಟ್ಟುತ್ತಿದ್ದದ್ದು ಅದೊಂದೇ. ಕೈ ತಣ್ಣಗಿದ್ದರೆ ಮಾತ್ರ ಕೊಡವಿ ಎಸೆಯುತ್ತಿದ್ದಳು, ಆಮೇಲೆ ಆ ದಿನವೆಲ್ಲ ಹತ್ತಿರ ಬಂದರೆ ಕಿರುಚುತ್ತಿದ್ದಳು. ಒಮ್ಮೆ ಮಂಜು ಮುಸುಕಿ ರೈಲು ತುಂಬಾ ತಡವಾಗಿ, ಅಕ್ಕಾರು ಮರಗಟ್ಟಿದ ಕೈಗಳನ್ನು ಹೊತ್ತುಕೊಂಡು ಹೋಗಿ ಮುಟ್ಟಿದ್ದರು. ಸಂಜೆಯವರೆಗೂ ಅಂಗಳದ ಬೆಂಚಿನ ಮೇಲೆ ಕೂತು ದೂರದಿಂದ ಮಗಳನ್ನು ನೋಡಿ, ಅದೇ ರಾತ್ರಿ ಹಿಂತಿರುಗಿದ್ದರು. ಮುಂದಿನ ಸಲದವರೆಗೆ ಹದಿನೈದು ದಿನ ಕಾಯಬೇಕು. ಆಮೇಲೆ ಅವರು ರೈಲಿನಲ್ಲಿ ಬೆಚ್ಚಗಿರುವುದನ್ನು ಒಂದು ವ್ರತದ ಹಾಗೆ ಹಿಡಿದರು.

ಚಳಿಯ ವಿಚಾರದಲ್ಲಿ ಅವರಿಗೆ ಅವರದೇ ಸಿದ್ಧಾಂತಗಳಿದ್ದವು. 'ಬಿಸಿ ಹೊರಗಿಂದ ಬರೂದಿಲ್ರಿ. ಮೈಯಾಗ ಇದ್ದದ್ದನ್ನ ಹೋಗಗೊಡಬಾರದು, ಅಷ್ಟ' ಎನ್ನುತ್ತಿದ್ದರು. ಲೇಕ್ ಮಾರ್ಕೆಟ್ಟಿನಲ್ಲಿ ನಾವಿಬ್ಬರೂ ಕಾಫಿಪುಡಿ, ಕರಿಬೇವು ತರಲು ಹೋದಾಗ ನಾನು ಇಡ್ಲಿ ರವೆಯ ಮುಂದೆ ನಿಂತಿದ್ದರೆ ಅವರು ಪಕ್ಕದ ಬೀದಿಯ ಉಣ್ಣೆ ಅಂಗಡಿಯಲ್ಲಿ ಕಾಲುಚೀಲದ ಒಳಗೆ ಕೈ ತೂರಿಸಿ ಪರೀಕ್ಷೆ ಮಾಡುತ್ತಿದ್ದರು. ಕಾಲುಚೀಲ ಬಿಗಿಯಾಗಿರಬಾರದು, ಬಿಗಿಯಾದರೆ ರಕ್ತ ಓಡುವುದಿಲ್ಲ. ಒಂದರ ಮೇಲೊಂದು ಹಾಕಬೇಕು, ಮೇಲಿನದು ಗಂಡಸರ ಅಳತೆಯದು. ಅಂಗಡಿಯವನು ಕೇಳಿದರೆ ಯಜಮಾನರಿಗೆ ಎನ್ನುತ್ತಿದ್ದರು. ಯಜಮಾನರು ಹೋಗಿ ಆಗಲೇ ಎಷ್ಟೋ ವರ್ಷವಾಗಿತ್ತು.

ಆಫೀಸಿನಲ್ಲಿ ಚಹಾ ಬಂದರೆ ಆ ಪುಟ್ಟ ಮಣ್ಣಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿರುತ್ತಿದ್ದರು. ಮುಗಿದ ಮೇಲೂ ಬಿಡುತ್ತಿರಲಿಲ್ಲ, ಮಣ್ಣು ಆರುವವರೆಗೂ ಹಿಡಿದೇ ಕಡತ ಓದುತ್ತಿದ್ದರು. ಬೇಸಿಗೆಯಲ್ಲೂ ಅಷ್ಟೇ. ಕೈಯನ್ನು ಅಭ್ಯಾಸದಲ್ಲಿ ಇಡಬೇಕಂತೆ. ನಾನು, 'ಅಕ್ಕಾರೇ, ಇದೇನು ಸಂಗೀತವಾ ದಿನಾ ಸಾಧನೆ ಮಾಡೋಕೆ?' ಎಂದು ರೇಗಿಸಿದರೆ, 'ನಿಮಗ ಹೆಂಗ ತಿಳೀಬೇಕು, ನಿಮ್ಮ ಮಗ ಕೈ ಹೆಂಗಿದ್ರೂ ಹಿಡೀತಾನ' ಎಂದುಬಿಟ್ಟರು. ಹೌದಲ್ಲ ಎನಿಸಿತು.

ಬರ್ತ್ ಮಾಡಿಸಿಕೊಂಡು ಮಲಗಿ ಹೋಗಬಾರದೇ ಎಂದು ಎಲ್ಲರೂ ಕೇಳುತ್ತಿದ್ದರು. ಶುಕ್ರವಾರದ ಬರ್ತುಗಳು ತಿಂಗಳುಗಟ್ಟಲೆ ಮೊದಲೇ ತುಂಬಿಹೋಗುತ್ತಿದ್ದವು ಎನ್ನುವುದು ನಿಜ. ಆದರೆ ಸಿಕ್ಕಿದಾಗಲೂ ಅವರು ಹೋಗುತ್ತಿರಲಿಲ್ಲ. 'ಬರ್ತ್‌ನ್ಯಾಗ ಒಬ್ಬಾಕಿನ ಮಲಗಬೇಕು. ನಿದ್ದಿ ಹತ್ತಿದ್ರ ಹೊದಿಕಿ ಜಾರ್ತದ, ಕೈ ಹೊರಗ ಬೀಳ್ತದ. ಸೀಟಿನ್ಯಾಗ ಆದ್ರ ಅತ್ಲಾಗೊಬ್ರು ಇತ್ಲಾಗೊಬ್ರು. ಮಂದಿ ಬಿಸಿ ಇರ್ತದಲ್ರೀ' ಎನ್ನುತ್ತಿದ್ದರು. ಹಾಗಾಗಿ ಮೂವರ ಸೀಟಿನಲ್ಲಿ ನಡುವಿನದೇ ಅವರ ಜಾಗ. ಯಾರೂ ಇಷ್ಟಪಡದ ಜಾಗ ಅದು. ಟಿಕೆಟ್ಟಿನಲ್ಲಿ ಕಿಟಕಿ ಸೀಟು ಬಂದರೆ ಪಕ್ಕದವರಿಗೆ ತಾವೇ ಬಿಟ್ಟುಕೊಡುತ್ತಿದ್ದರು. ಇಂಥ ಉದಾರಿ ಹೆಂಗಸನ್ನು ಕಂಡೇ ಇಲ್ಲ ಎಂದು ಆ ಪ್ರಯಾಣಿಕರು ಕೈಮುಗಿಯುತ್ತಿದ್ದರು. ಬೆಳಗಿನ ಜಾವ ಕಿಟಕಿಯ ಸಂದಿನಿಂದ ಗಾಳಿ ನುಗ್ಗಿದಾಗ ಅವರ ಅಭಿಪ್ರಾಯ ಬದಲಾಗುತ್ತಿತ್ತೋ ಏನೋ.

ನಾನು ಒಂದು ಸಲ ಅವರ ಜೊತೆ ಹೋದೆ. ಮಗ ಚಳಿಗಾಲದ ರಜೆಗೆ ಅಜ್ಜಿಯ ಮನೆಗೆ ಹೋಗಿದ್ದ, ಗಂಡನಿಗೆ ಆಗಷ್ಟೇ ಚೆನ್ನೈಗೆ ವರ್ಗವಾಗಿತ್ತು. ಮನೆಯಲ್ಲಿ ಒಬ್ಬಳೇ ಇರುವುದಕ್ಕಿಂತ ಬೆಟ್ಟವಾದರೂ ನೋಡೋಣ ಎಂದು ಹೊರಟೆ. ಬೆಟ್ಟ ಕಾಣುವುದಿಲ್ಲ ಎಂದು ಅಕ್ಕಾರು ಮೊದಲೇ ಹೇಳಿದ್ದರು. ಜನವರಿ. ರೈಲು ಹೊರಡುವ ಮುಂಚೆಯೇ ಅವರ ಸಿದ್ಧತೆ ಶುರುವಾಯಿತು. ಆ ದಿನದ ಬಂಗಾಳಿ ಪೇಪರನ್ನು ಹಾಳೆ ಹಾಳೆಯಾಗಿ ಬಿಡಿಸಿ ಒಂದನ್ನು ಸೀಟಿನ ಮೇಲೆ ಹಾಸಿದರು, ಒಂದನ್ನು ಸ್ವೆಟರಿನ ಒಳಗೆ ಎದೆಗೆ ಇಟ್ಟುಕೊಂಡರು, ಎರಡು ಕಾಲುಚೀಲದ ನಡುವೆ ಪಾದಕ್ಕೆ ಸುತ್ತಿಕೊಂಡರು. ಉಳಿದದ್ದನ್ನು ಸುರುಳಿ ಮಾಡಿ ಕಿಟಕಿ ಪಕ್ಕದವನ ಕೈಗೆ ಕೊಟ್ಟು ಸಂದಿಗೆ ತುರುಕಿಸಿದರು. ಆಮೇಲೆ ಚೀಲದಿಂದ ಕೌದಿ ಹೊರಗೆ ಬಂತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲೇ ಹೊಲಿದ ಧಾರವಾಡದ ಕೌದಿ. ಆದರೆ ಹಾಸಿಗೆಯಳತೆಯದಲ್ಲ. ಸೀಟಿನಲ್ಲಿ ಕೂತವರ ಹೆಗಲಿನಿಂದ ಪಾದದವರೆಗೆ ಸರಿಯಾಗಿ ಬರುವಂತೆ ಕತ್ತರಿಸಿ, ಕುತ್ತಿಗೆಗೆ ಕಟ್ಟಲು ಲಾಡಿ ಇಟ್ಟಿದ್ದರು. ಹೊಟ್ಟೆಯ ಹತ್ತಿರ ಕೈಗಳಿಗೆಂದೇ ಒಂದು ಜೇಬು. ಅದರೊಳಗೆ ಬಿಸಿನೀರಿನ ರಬ್ಬರು ಚೀಲ.

'ಅಕ್ಕಾರೇ, ನೀವು ಇಷ್ಟೆಲ್ಲ ಕಟ್ಕೊಂಡು ಬಾತ್‌ರೂಮಿಗೆ ಹೇಗೆ ಹೋಗ್ತೀರಿ?'

'ಹೋಗೂದಿಲ್ಲ. ಅದಕ್ಕ ಸಂಜಿ ಆದಮ್ಯಾಲ ನೀರ್ ಕುಡ್ಯೂದಿಲ್ಲ.'

ಊಟ ಜೋಳದ ರೊಟ್ಟಿ, ಶೇಂಗಾ ಹಿಂಡಿ. ನನಗೂ ಕೊಟ್ಟರು. ಹೊಟ್ಟೆ ಬಿಸಿಯಾಗಿದ್ದರೆ ಅರ್ಧ ಚಳಿ ಹೋದಂತೆ ಎಂದರು. ನಾನು ಶಾಲು ಹೊದ್ದು ಬಂದಿದ್ದೆ, ಮೈಸೂರಿನವರ ಮದುವೆ ಶಾಲು, ಜರಿ ಅಂಚಿನದು. ಅದನ್ನು ನೋಡಿ ಅಕ್ಕಾರು ತುಟಿ ಒತ್ತಿಕೊಂಡರು.

ಫರಕ್ಕಾದಲ್ಲಿ ರೈಲು ಗಂಗೆ ದಾಟುವಾಗ ಚಳಿ ಎಂದರೆ ಏನೆಂದು ನನಗೆ ಗೊತ್ತಾಯಿತು. ಅದು ಕಿಟಕಿಯಿಂದ ಬರುವುದಿಲ್ಲ, ಕೆಳಗಿನಿಂದ ಬರುತ್ತದೆ. ಸೀಟಿನ ಕಬ್ಬಿಣ ತಣ್ಣಗಾಗಿ ಬೆನ್ನಿಗೆ ಹತ್ತುತ್ತದೆ. ಡಬ್ಬಿಯಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ವಾಲಿಕೊಂಡು ಮಲಗಿದ್ದರು. ಅಕ್ಕಾರ ಬಲಗಡೆ ಕಿಟಕಿಯ ಬಳಿ ಇದ್ದ ಮುದುಕ ಅವರ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ. ನಾನು ಅವನನ್ನು ಎಬ್ಬಿಸಲು ಹೋದರೆ ಅಕ್ಕಾರು ಪಿಸುಗುಟ್ಟಿದರು.

'ಇರ್ಲಿ ಬಿಡ್ರಿ. ಒಲಿ ಇದ್ದಂಗ ಅದಾನ.'

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಆಮೇಲೆ ಕೌದಿಯ ಒಂದು ಅಂಚನ್ನು ಬಿಚ್ಚಿ ನನ್ನ ಮೇಲೂ ಎಳೆದರು. ಅಷ್ಟೇ ಮೆಲ್ಲಗೆ, ಆದರೆ ಈ ಸಲ ನಗದೆ, ಹೇಳಿದರು.

'ನಾ ಇರೂತನಕ ಇದು ನಡೀತದ. ನಾ ಹ್ವಾದ ಮ್ಯಾಲ ಯಾರ್ ಬರ್ತಾರ್ರೀ ಇದರಾಗ ಕುಂತು? ನಮ್ಮ ಕೂಸಿನ ಕಡೆ?'

ನಾನು, ಹಾಗೆಲ್ಲ ಯಾಕೆ ಯೋಚಿಸುತ್ತೀರಿ, ನಿಮಗೇನಾಗಿದೆ ಎಂದೆ. ಎಲ್ಲರೂ ಹೇಳುವುದು ಅದನ್ನೇ. ಆ ಪ್ರಶ್ನೆ ಅವರಿಗೆ ಹೊಸದಲ್ಲ, ಪ್ರತಿ ಪ್ರಯಾಣದಲ್ಲೂ ಅವರ ಜೊತೆ ಕೂತು ಬರುತ್ತಿದ್ದದ್ದು ಅದೇ ಎಂದು ನನಗೆ ಆಗ ಅನಿಸಿತು.

ಬೆಳಿಗ್ಗೆ ಇಳಿಯುವ ಮೊದಲು ಥರ್ಮಾಸಿನಲ್ಲಿ ಉಳಿಸಿಟ್ಟಿದ್ದ ಬಿಸಿನೀರನ್ನು ರಬ್ಬರು ಚೀಲಕ್ಕೆ ಹೊಸದಾಗಿ ತುಂಬಿದರು. ಒಂದು ಗುಟುಕು ಕುಡಿಯೋಣವೆಂದು ನಾನು ಕೈಚಾಚಿದರೆ ಕೊಡಲಿಲ್ಲ. ಸ್ಟೇಷನ್ನಿನಿಂದ ಟೋಟೋದಲ್ಲಿ, ಅಂದರೆ ಅಲ್ಲಿನ ಬ್ಯಾಟರಿ ರಿಕ್ಷಾದಲ್ಲಿ, ಮೂರು ಕಡೆಯಿಂದಲೂ ಮಂಜು ಬೀಸುತ್ತಿತ್ತು. ಅಕ್ಕಾರು ಕೌದಿಯ ಜೇಬಿನೊಳಗಿನಿಂದ ಕೈ ತೆಗೆಯಲೇ ಇಲ್ಲ. ರಿಕ್ಷಾದವನಿಗೆ ದುಡ್ಡು ಕೊಟ್ಟವಳು ನಾನು, ಗೇಟು ತೆರೆದವಳು ನಾನು, ಅವರ ಚಪ್ಪಲಿಯ ಪಟ್ಟಿ ಬಿಚ್ಚಿದವಳೂ ನಾನೇ. ಮಗಳ ಮುಂದೆ ನಿಂತ ಮೇಲೆಯೇ ಆ ಕೈಗಳು ಹೊರಗೆ ಬಂದದ್ದು. ಹುಡುಗಿ ಅವುಗಳನ್ನು ತೆಗೆದುಕೊಂಡಳು. ಎಡಗೆನ್ನೆಗೆ ಒಂದು, ಬಲಗೆನ್ನೆಗೆ ಒಂದು. ಕಣ್ಣು ಮುಚ್ಚಿಕೊಂಡಳು. ರಾತ್ರಿಯೆಲ್ಲ ಕೂತು ಬೆನ್ನು ಬಗ್ಗಿಹೋಗಿದ್ದ ಅಕ್ಕಾರು ನೆಟ್ಟಗೆ ನಿಂತಿದ್ದರು. ಅಷ್ಟು ನೆಮ್ಮದಿಯ ಮುಖವನ್ನು ನಾನು ಆಫೀಸಿನಲ್ಲಿ ಎಂದೂ ಕಂಡಿರಲಿಲ್ಲ.

ಅವರು ಅದೇ ವರ್ಷ ದುರ್ಗಾಪೂಜೆಯ ರಜೆ ಕಳೆದ ಕೆಲವೇ ದಿನಕ್ಕೆ ಹೋದರು. ರೈಲಿನಲ್ಲಲ್ಲ, ಬಾಲಿಗಂಜಿನ ಮನೆಯಲ್ಲಿ, ಮಧ್ಯಾಹ್ನ, ಅಡುಗೆ ಮಾಡುತ್ತಿದ್ದವರು ಹಾಗೆಯೇ ಕುಸಿದು. ಹೃದಯ ಎಂದರು ಡಾಕ್ಟರು. ಧಾರವಾಡದಿಂದ ಅವರ ಅಣ್ಣ ಬಂದರು. ಒಳ್ಳೆಯ ಮನುಷ್ಯ, ಮಂಡಿನೋವಿನಿಂದ ಮೆಟ್ಟಿಲು ಹತ್ತಲಾರದೆ ಕೆಳಗೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

'ಆ ಹುಡುಗಿನ ಕರ್ಕೊಂಡ್ ಹೋಗೂಣಂದ್ರ ಆಕಿ ಅಲ್ಲಿಂದ ಕದಲಂಗಿಲ್ಲ. ನಾ ಬಂದು ನೋಡೂಣಂದ್ರ ನನ್ನ ಕಾಲ್ ಹಿಂಗ. ಏನ್ ಮಾಡ್ಲಿ ಹೇಳ್ರಿ ತಂಗಿ' ಎಂದು ಕಣ್ಣೊರೆಸಿಕೊಂಡರು. ಆಫೀಸಿನವರು ಓಡಾಡಿ ತಾಯಿಯ ಪಿಂಚಣಿ ಮಗಳ ಹೆಸರಿಗೆ ಬದುಕಿರುವವರೆಗೂ ಬರುವಂತೆ ಮಾಡಿದರು. ಆ ಮನೆಯ ಖರ್ಚಿಗೆ ಕೊರತೆಯಿಲ್ಲ. ಎಲ್ಲರೂ ಸದ್ಯ ಒಂದು ಚಿಂತೆ ಕಳೆಯಿತು ಎಂದರು. ನನಗೆ ಮಾತ್ರ ಆ ಮಾತು ಕೇಳಿ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಸರ್ಕಾರ ದುಡ್ಡು ಕಳಿಸಬಹುದು, ಕೈ ಯಾರು ಕಳಿಸುತ್ತಾರೆ?

ಜನವರಿಯಲ್ಲಿ ನಾನೇ ಹೊರಟೆ. ಕೌದಿಯನ್ನು ಅಣ್ಣನವರು ಅಕ್ಕಾರ ಬಟ್ಟೆಗಳ ಜೊತೆ ಚಿತೆಗೆ ಹಾಕಿಸಿದ್ದರು, ಅವರ ಕಡೆಯ ಪದ್ಧತಿಯೋ ಏನೋ. ನನ್ನ ಹತ್ತಿರ ಇದ್ದದ್ದು ಎರಡು ಶಾಲು. ನಡುವಿನ ಸೀಟು ಕೇಳಿ ಪಡೆದೆ. ಪೇಪರು ಹಾಸಿದೆ, ಸುತ್ತಿಕೊಂಡೆ, ಎದೆಗೆ ಇಟ್ಟುಕೊಂಡೆ. ಸಂಜೆಯ ಮೇಲೆ ನೀರು ಕುಡಿಯಲಿಲ್ಲ. ಜೋಳದ ರೊಟ್ಟಿ ಮಾಡಲು ಬಾರದು, ಅಕ್ಕಿ ರೊಟ್ಟಿ ಮಾಡಿಕೊಂಡು ಹೋಗಿದ್ದೆ, ಅದು ಸಿಯಾಲ್ದಾದಲ್ಲೇ ಚರ್ಮವಾಗಿತ್ತು. ಎರಡು ಪಕ್ಕದಲ್ಲೂ ಕಾಲೇಜು ಹುಡುಗಿಯರು, ಇಬ್ಬರೂ ಸಣ್ಣಕಡ್ಡಿ, ಅವರಿಂದ ಏನೂ ಬಿಸಿ ಸಿಗಲಿಲ್ಲ. ರಾತ್ರಿಯೆಲ್ಲ ಬಿಸಿನೀರಿನ ಚೀಲವನ್ನು ಹೊಟ್ಟೆಗೆ ಅವುಚಿಕೊಂಡು, ಕೈ ಆರದಿರಲಿ, ಕೈ ಆರದಿರಲಿ ಎಂದು ಒಂದೇ ಸಮನೆ ಅಂದುಕೊಳ್ಳುತ್ತಾ ಕೂತಿದ್ದೆ. ದೇವರಲ್ಲಿ ನಾನು ಹಾಗೆ ಏನನ್ನೂ ಬೇಡಿಕೊಂಡವಳಲ್ಲ.

ಗೇಟು ತೆಗೆದದ್ದು ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸು, ಎಲ್ಲರಿಗೂ ಮಾಶಿ, ಅಂದರೆ ಚಿಕ್ಕಮ್ಮ. ನನ್ನ ಗುರುತು ಹಿಡಿದು ಒಳಗೆ ಕರೆದುಕೊಂಡು ಹೋದಳು. ಹುಡುಗಿ ಬಂದಳು. ಮುಖ ನೋಡಲಿಲ್ಲ. ಶಾಲಿನೊಳಗಿನಿಂದ ನಾನು ಕೈ ತೆಗೆದೆ. ಅವಳು ಒಂದು ಕ್ಷಣ ಬೆರಳಿನ ತುದಿಯಿಂದ ಮುಟ್ಟಿ ನೋಡಿದಳು, ಆಮೇಲೆ ಎರಡನ್ನೂ ಎಳೆದು ಕೆನ್ನೆಗೆ ಒತ್ತಿಕೊಂಡಳು. ನನಗೆ ಅಳು ಬಂತು. ಸಾಧ್ಯವಾಯಿತಲ್ಲ ಎಂಬ ಸಂತೋಷದ ಅಳು. ಅದರ ಹಿಂದೆಯೇ ಇನ್ನೊಂದು ಅಳು ಬಂತು. ಅಷ್ಟು ವರ್ಷ ಅಷ್ಟು ರಾತ್ರಿ ಕೂತು ಬಂದವರ ಕೈಗೂ ನನ್ನ ಕೈಗೂ ಇವಳಿಗೆ ವ್ಯತ್ಯಾಸವೇ ಇಲ್ಲವೇ? ಅಥವಾ ಇದೆಯೋ, ಗೊತ್ತಿದ್ದೂ ಸಿಕ್ಕಿದ್ದನ್ನು ಹಿಡಿದುಕೊಂಡಿದ್ದಾಳೋ? ಎರಡರಲ್ಲಿ ಯಾವುದು ನಿಜವಾದರೂ ಸಹಿಸುವಂತಿರಲಿಲ್ಲ.

ಮಾಶಿ ಪಕ್ಕದಲ್ಲಿ ನಿಂತು ಹಿಂದಿಯನ್ನೂ ಬಂಗಾಳಿಯನ್ನೂ ಸೇರಿಸಿ ಹೇಳುತ್ತಿದ್ದಳು. ಪೂಜೆ ಕಳೆದಾಗಿನಿಂದ ಇವಳು ಬಂದವರೆಲ್ಲರ ಕೈ ಹಿಡಿಯುತ್ತಿದ್ದಾಳಂತೆ. ಬೇರೆ ಮಕ್ಕಳ ಅಪ್ಪ ಅಮ್ಮಂದಿರದು, ಹಾಲಿನವನದು, ಸಿಲಿಂಡರ್ ತಂದವನದು. ಕೆನ್ನೆಯ ಹತ್ತಿರ ತರುತ್ತಾಳೆ, ತಣ್ಣಗಿದೆ ಎಂದು ಎಸೆಯುತ್ತಾಳೆ. ಕೆಲವರು ಹೆದರಿಕೊಳ್ಳುತ್ತಾರೆ.

'ನೀವೇ ಹಿಡಿದುಕೊಳ್ಳಬಹುದಲ್ಲ ಮಾಶಿ, ಸ್ವಲ್ಪ ಬಿಸಿನೀರಲ್ಲಿ ಕೈ ಅದ್ದಿ?' ಎಂದೆ.

ಮಾಶಿ ಬೇಜಾರು ಮಾಡಿಕೊಳ್ಳಲಿಲ್ಲ. ತನ್ನ ಎರಡು ಕೈಗಳನ್ನೂ ನನ್ನ ಮುಂದೆ ಚಾಚಿದಳು. ಇಷ್ಟೂ ಮಕ್ಕಳ ಬಟ್ಟೆ, ಪಾತ್ರೆ, ಸ್ನಾನ. ಬೆಳಗಿನಿಂದ ನೀರಲ್ಲೇ ಇರುವ ಕೈ, ಚರ್ಮ ಬಿಳುಚಿ ಸುಕ್ಕಾಗಿತ್ತು. ನಾನು ಮುಟ್ಟಿ ನೋಡಿದೆ. ಕೊಳಾಯಿಯಷ್ಟೇ ತಣ್ಣಗಿತ್ತು. ಬಿಸಿ ಮಾಡಿಕೊಂಡರೂ ಮುಂದಿನ ಬಕೆಟ್ಟಿನವರೆಗೆ ಅಷ್ಟೇ, ದಿದಿ, ಎಂದಳು.

ಹೊರಡುವಾಗ ಗೇಟಿನವರೆಗೆ ಬಂದು ಕೇಳಿದಳು, 'ಆಬಾರ್ ಕೋಬೆ ಆಶ್ಬೇನ್, ದಿದಿ?' ಮತ್ತೆ ಯಾವಾಗ ಬರುತ್ತೀರಿ ಎಂದು. ಆ ಹೊತ್ತಿಗೆ ನನ್ನ ಚೀಲದಲ್ಲಿ ಚೆನ್ನೈಯ ವರ್ಗಾವಣೆ ಆದೇಶವಿತ್ತು. ಗಂಡನಿರುವ ಊರಿಗೆ ಹಾಕಿಕೊಡಿ ಎಂದು ಅಕ್ಕಾರು ಬದುಕಿದ್ದಾಗಲೇ ಬರೆದುಕೊಟ್ಟಿದ್ದ ಅರ್ಜಿ ಅದು, ನಮ್ಮ ಇಲಾಖೆಯಲ್ಲಿ ಹಣ್ಣಾಗಲು ಅಷ್ಟು ಕಾಲ ಹಿಡಿಯುತ್ತದೆ. ಅದನ್ನು ಬೇಡವೆನ್ನಲು ನನ್ನ ಕೈಲಾಗಲಿಲ್ಲ. ಮಗನಿಗೆ ಅಪ್ಪನೂ ಬೇಕು ಅಮ್ಮನೂ ಬೇಕು. ನೋಡೋಣ ಮಾಶಿ ಎಂದೆ. ಮಾರ್ಚಿಗೆ ಮನೆ ಖಾಲಿ ಮಾಡಿದೆವು.

ಈಗ ಮತ್ತೆ ಜನವರಿ. ಚೆನ್ನೈಯಲ್ಲಿ ಚಳಿಯೆಂಬುದೇ ಇಲ್ಲ. ರಾತ್ರಿಯೂ ಫ್ಯಾನು ಬೇಕು. ಕೂತಲ್ಲಿ ನಿಂತಲ್ಲಿ ನನ್ನ ಕೈ ಸದಾ ಬೆಚ್ಚಗಿರುತ್ತದೆ, ಕೆಲವೊಮ್ಮೆ ಅದನ್ನು ನೋಡಿದರೆ ನನಗೇ ಹೇಸಿಗೆಯಾಗುತ್ತದೆ. ಅಕ್ಕಾರು ಇದ್ದಿದ್ದರೆ ಇದಕ್ಕೂ ಏನಾದರೂ ಅಂದು ನಗಿಸುತ್ತಿದ್ದರು.

ಹೋದ ವಾರ ತಡೆಯಲಾರದೆ ಮಾಶಿಗೆ ಫೋನು ಮಾಡಿದೆ. ಹಿಂದೆ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಹುಡುಗಿ ಹೇಗಿದ್ದಾಳೆ ಎಂದೆ.

'ಚಿಂತೆ ಮಾಡಬೇಡಿ ದಿದಿ, ಈಗ ಎಷ್ಟೋ ವಾಸಿ' ಎಂದಳು. 'ಬಂದವರ ಕೈ ಹಿಡಿಯುವುದನ್ನು ಬಿಟ್ಟಿದ್ದಾಳೆ.'

ಒಳ್ಳೆಯ ಸುದ್ದಿ ಹೇಳುವ ದನಿಯಲ್ಲೇ ಹೇಳಿದಳು.